ಮೊದಲ ಲೋಲಿಟಾ ಫ್ರಾಕ್: ಹೊಸದಾ, ಹಳೇದಾ, ಚೀನಾದ್ದಾ?

ಲೋಲಿಟಾ ಅಂದರೆ ಲೇಸು, ನೆರಿಗೆ, ಉಬ್ಬಿದ ಸ್ಕರ್ಟಿನ ಜಪಾನೀ ಫ್ಯಾಷನ್. ಜಪಾನಿನ ಹೊರಗಿದ್ದು ಮೊದಲ ಲೋಲಿಟಾ ಫ್ರಾಕ್ ಕೊಳ್ಳುವವರಿಗೆ ಮುಖ್ಯವಾಗಿ ಮೂರು ದಾರಿ. ಏಂಜೆಲಿಕ್ ಪ್ರೆಟಿಯಂಥ ಜಪಾನೀ ಬ್ರ್ಯಾಂಡಿನ ಹೊಸ ಫ್ರಾಕ್ ದುಬಾರಿಯೇ, ಆದರೆ ಜನ ಮುಗಿಬೀಳುವ ಪ್ರಿಂಟ್ ಆದರೆ ಮಾರುವಾಗಲೂ ಒಳ್ಳೆ ದುಡ್ಡು ಬರುತ್ತದೆ. ಅದೇ ಬ್ರ್ಯಾಂಡ್ ಕಡಿಮೆಗೆ ಬೇಕಾ? ಕ್ಲೋಸೆಟ್ ಚೈಲ್ಡ್‌ನಂಥ ಜಪಾನಿನ ಸೆಕೆಂಡ್ ಹ್ಯಾಂಡ್ ಅಂಗಡಿ ನೋಡಿ. ಕಲೆ, ಹರಿದ ಲೇಸ್ ಇದೆಯಾ ಅಂತ ಫೋಟೋ ಹಿಗ್ಗಿಸಿ ನೋಡಿ.

ನಿಜವಾದ ತಲೆನೋವು ಅಳತೆ. ಜಪಾನಿನ ಎಷ್ಟೋ ಫ್ರಾಕ್‌ಗಳು ಒಂದೇ ಸೈಜು. ಬೆನ್ನಿಗೆ ಎಲಾಸ್ಟಿಕ್ ನೆರಿಗೆ ಇದ್ದರೆ ಸ್ವಲ್ಪ ಹಿಗ್ಗುತ್ತದೆ, ಇಲ್ಲದಿದ್ದರೆ ಜಿಪ್ ಅರ್ಧಕ್ಕೇ ನಿಲ್ಲುತ್ತದೆ. ಮೈ ತುಂಬಿಕೊಂಡವರಿಗೆ ಚೀನಾದ ಆನ್‌ಲೈನ್ ಮಾರುಕಟ್ಟೆ ಟಾವೊಬಾವೊದಲ್ಲಿ ಸಿಗುವ ಚೀನೀ ಬ್ರ್ಯಾಂಡ್‌ಗಳೇ ವಾಸಿ. ಸೈಜು ಜಾಸ್ತಿ, ಬೆಲೆ ಕಡಿಮೆ. ಆದರೆ ಎಷ್ಟೋ ಸಲ ಮುಂಗಡ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕು, ಮುಂದಿನ ವಾರವೇ ಟೀ ಪಾರ್ಟಿ ಇದ್ದರೆ ಆಗದ ಮಾತು. ಯಾವುದೇ ಕೊಂಡರೂ ಸ್ಕರ್ಟನ್ನು ಒಳಗಿಂದ ಉಬ್ಬಿಸುವ ಪೆಟಿಕೋಟಿಗೆ ದುಡ್ಡು ಎತ್ತಿಡಿ, ಅದಿಲ್ಲದಿದ್ದರೆ ಸ್ಕರ್ಟ್ ಸುಮ್ನೆ ಜೋತುಬೀಳುತ್ತದೆ.