ಕನ್ನಡ ಓದಿಗೆ 7.8 ಇಂಚಿನ ಇ-ಇಂಕ್ ರೀಡರ್: ಒತ್ತಕ್ಷರದ ರಗಳೆ, ಸ್ಕ್ಯಾನ್ ಪುಸ್ತಕದ ಸುಖ

ಬ್ಯಾಟರಿ, ಸ್ಟೋರೇಜು, ಪ್ರೊಸೆಸರ್ ವಿವರವೆಲ್ಲ ಅಂಗಡಿ ಪುಟದಲ್ಲೇ ಸಿಗುತ್ತೆ, ಬಿಡಿ. ಕನ್ನಡ ಓದುವವರು ಮೊದಲು ನೋಡಬೇಕಾದ್ದು ಒತ್ತಕ್ಷರ. ಕಾಗದದ ಅಚ್ಚಿನಂತೆ ಕಾಣುವ ಇ-ಇಂಕ್ ಪರದೆಯ, ಆಂಡ್ರಾಯ್ಡ್ ಇರುವ ಈ ರೀಡರಿನ ಜೊತೆಗೇ ಬರುವ ಓದುವ ಆ್ಯಪ್ ಎಡವುವುದು ಅಲ್ಲೇ. ‘ಶಕ್ತಿ’ಯಲ್ಲಿ ತಕಾರ ಕೆಳಗಿಳಿಯದೆ ‘ಶಕ್‌ತಿ’ ಎಂದು ಒಡೆದು ನಿಲ್ಲುತ್ತದೆ. ಸಾಲಿನ ಅಂತರ ತಗ್ಗಿಸಿದರೆ ‘ಸ್ತ್ರೀ’ಯಂಥ ಪದದಲ್ಲಿ ಕೆಳಗಿನ ಒತ್ತು ಕತ್ತರಿಸಿಯೇ ಹೋಗುತ್ತದೆ. ಇಷ್ಟು ದುಡ್ಡು ತೆಗೆದುಕೊಂಡ ಮೇಲೆ ಇದು ಒಪ್ಪುವ ಮಾತಲ್ಲ.

ಪರಿಹಾರ ಕೋರೀಡರ್ ಎಂಬ ಉಚಿತ ಆ್ಯಪ್. ಅದನ್ನು ಹಾಕಿಕೊಂಡು, ಯುಎಸ್‌ಬಿ ಕೇಬಲ್ ಚುಚ್ಚಿ, ಕೋರೀಡರ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿಗೆ ನೋಟೋ ಸೆರಿಫ್ ಕನ್ನಡ ಎಂಬ ಫಾಂಟಿನ ಟಿಟಿಎಫ್ ಫೈಲು ಹಾಕಿ. ಆ್ಯಪ್ ಮುಚ್ಚಿ ತೆರೆದರೆ ಪಟ್ಟಿಯಲ್ಲಿ ಕಾಣಿಸುತ್ತದೆ. ಕೆಳಗಿನ ಮೆನುವಿನಲ್ಲಿ ಅಕ್ಷರ ಜೋಡಣೆಯ ಸೆಟ್ಟಿಂಗ್ ಕರ್ನಿಂಗ್ ‘ಬೆಸ್ಟ್’ನಲ್ಲೇ ಇರಲಿ. ಪುಟ ಬೇಗ ತಿರುಗಲೆಂದು ಅದನ್ನು ‘ಗುಡ್’ಗೆ ಇಳಿಸಿದರೆ ಒತ್ತುಗಳು ಮತ್ತೆ ಒಡೆಯುತ್ತವೆ, ಕನ್ನಡದಂಥ ಲಿಪಿಗಳನ್ನು ಪೂರ್ತಿ ಜೋಡಿಸುವುದು ‘ಬೆಸ್ಟ್’ ಒಂದೇ. ಇ-ಇಂಕ್ ಮೇಲೆ ಈ ಫಾಂಟಿನ ಗೆರೆ ತುಸು ತೆಳು, ದಪ್ಪ ಅರ್ಧ ಹೆಜ್ಜೆ ಏರಿಸಿ. ಸಾಲಿನ ಅಂತರ ಶೇ 125ರ ಆಸುಪಾಸು ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದಿಲ್ಲ. ಕನ್ನಡ ವಿಕಿಸೋರ್ಸ್‌ನಿಂದ ಇಳಿಸಿದ ಇಪಬ್ (ಅಕ್ಷರದ ಗಾತ್ರ ಬದಲಿಸಬಹುದಾದ ಇ-ಪುಸ್ತಕ) ಆಮೇಲೆ ಅಚ್ಚುಕಟ್ಟಾಗಿ ಓದಿಸಿಕೊಳ್ಳುತ್ತದೆ.

ಇಷ್ಟು ಸರಿಮಾಡಿಕೊಂಡರೆ ಸಿಟ್ಟು ಇಳಿಯುತ್ತದೆ. ಆ ಸಿಟ್ಟನ್ನು ಪೂರ್ತಿ ಇಳಿಸುವುದು ಸ್ಕ್ಯಾನ್ ಪುಸ್ತಕಗಳು. ಮೈಸೂರು ವಿಶ್ವವಿದ್ಯಾನಿಲಯದ ಹಳೆಯ ಪ್ರಕಟಣೆಗಳೂ ಸೇರಿ ಎಷ್ಟೋ ಪುಸ್ತಕ ಇಂಟರ್ನೆಟ್ ಆರ್ಕೈವ್‌ನಲ್ಲಿ ಇರುವುದು ಪುಟದ ಚಿತ್ರವಾಗಿ. ಅಲ್ಲಿ ಅಕ್ಷರ ದೊಡ್ಡದು ಮಾಡುವ ಮಾತೇ ಇಲ್ಲ, ಪರದೆಯ ಅಗಲವೇ ಎಲ್ಲ. ಡೆಮಿ 1/8 ಎಂಬ ಅಳತೆಯ ಪುಸ್ತಕದಲ್ಲಿ ಪುಟದ ಅಗಲ ಸುಮಾರು 14 ಸೆಂ.ಮೀ. 6 ಇಂಚಿನ ರೀಡರಿನ ಪರದೆ ಅಗಲ 9 ಸೆಂ.ಮೀ. ಅಷ್ಟೇ, ಇಡೀ ಪುಟ ತುಂಬಿಸಿದರೆ 12 ಪಾಯಿಂಟ್ ಅಕ್ಷರ 8ಕ್ಕಿಂತ ಕೆಳಗಿಳಿಯುತ್ತದೆ, ಒತ್ತು ಬರೀ ಚುಕ್ಕಿ. 7.8 ಇಂಚಿನದು 12 ಸೆಂ.ಮೀ.ಗೆ ಹತ್ತಿರ. ಅಂಚು ಕತ್ತರಿಸಿದರೆ ಉಳಿಯುವ 10–11 ಸೆಂ.ಮೀ. ಅಕ್ಷರಭಾಗ ಅಚ್ಚಿನಷ್ಟೇ ದೊಡ್ಡದಾಗಿ, ಕೆಲವೊಮ್ಮೆ ಇನ್ನೂ ದೊಡ್ಡದಾಗಿ ಕೂರುತ್ತದೆ.

ಹೊಸ ಪಿಡಿಎಫ್ ತೆರೆದಾಗ ಮಾಡುವ ಈ ಕತ್ತರಿಸುವ ಕೆಲಸವೇ ಒಂದು ಹಿತ. ಅಂಚನ್ನು ತಾನೇ ಕತ್ತರಿಸುವ ಆಟೋ ಕ್ರಾಪ್ ನಂಬಬೇಡಿ. ಅಂಚಿನಲ್ಲಿ ಗ್ರಂಥಾಲಯದ ಮೊಹರೋ ಹುಳದ ತೂತೋ ಇದ್ದರೆ ಅದನ್ನೂ ಅಕ್ಷರವೆಂದೇ ಎಣಿಸುತ್ತದೆ. ಕೈಯಿಂದಲೇ ಒಂದು ಬೆಸ ಪುಟ, ಒಂದು ಸಮ ಪುಟ ಕತ್ತರಿಸಿ. ಹೊಲಿಗೆ ಕಡೆಯ ಅಂಚು ಎರಡಕ್ಕೂ ಬೇರೆ, ಉಳಿದ ಪುಟಗಳು ಆಯಾ ಅಳತೆಯನ್ನೇ ಹಿಡಿಯುತ್ತವೆ. ಆಮೇಲೆ ಕಾಂಟ್ರಾಸ್ಟ್ ಏರಿಸುತ್ತಾ ಹೋದಂತೆ ಮಸಿ ಕಪ್ಪಾಗುತ್ತದೆ. ತೆಳು ಗೆರೆ ಕೂಡಿಕೊಳ್ಳುವ ಮೊದಲೇ ನಿಲ್ಲಿಸಿ, ಇಲ್ಲವಾದರೆ ‘ಘ’ ಯಾವುದು ‘ಫ’ ಯಾವುದು ತಿಳಿಯದು. ಪುಟದ ಚಿತ್ರದ ಸಾಲುಗಳನ್ನು ಪರದೆಗೆ ತಕ್ಕಂತೆ ಮತ್ತೆ ಜೋಡಿಸುವ ರಿಫ್ಲೋ ಮಾತ್ರ ಬೇಡ. ಸಾಲುಗಳ ನಡುವಿನ ಖಾಲಿ ಜಾಗ ನೋಡಿ ಅದು ಸಾಲು ಗುರುತಿಸುತ್ತದೆ. ನಮ್ಮ ಹಳೆಯ ಮೊಳೆ ಅಚ್ಚಿನಲ್ಲಿ ಒತ್ತುಗಳು ಆ ಜಾಗಕ್ಕೇ ಚಾಚಿಕೊಂಡಿರುತ್ತವೆ.

ಬೆಲೆ 6 ಇಂಚಿನದರ ಹತ್ತಿರ ಹತ್ತಿರ ದುಪ್ಪಟ್ಟು. ಇಪಬ್ ಕಾದಂಬರಿ ಮಾತ್ರ ಓದುವವರಿಗೆ ಈ ಖರ್ಚು ದಂಡ. ಸ್ಕ್ಯಾನ್ ಓದುವವರಿಗೆ ಇದಕ್ಕಿಂತ ಚಿಕ್ಕದು ಬೇಡವೇ ಬೇಡ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಬೆಂಚಿನಲ್ಲಿ ಹತ್ತು ಗಂಟೆ ಬಿಸಿಲಿಗೂ ಅಕ್ಷರ ನಿಚ್ಚಳ, ಫ್ರಂಟ್ ಲೈಟ್ ಪೂರ್ತಿ ಆರಿಸಬಹುದು. ಟ್ಯಾಬ್ಲೆಟ್ ಹಿಡಿದರೆ ಅಲ್ಲಿ ಮರದ ಕೊಂಬೆಯೇ ಕಾಣುವುದು.

ಒಂದು ಎಚ್ಚರ: ಸಾಮಾನ್ಯ ಇ-ಇಂಕ್ ಪರದೆಯ ಅಡಿಯಲ್ಲಿರುವುದು ತೆಳು ಗಾಜು. ಬೆಂಗಳೂರು ರೈಲಿಗೆ ಹೊರಟಾಗ ಚೀಲದಲ್ಲಿ ಊಟದ ಡಬ್ಬಿ ಒತ್ತಿದರೂ ಸಾಕು, ಒಳಗೆ ಬಿರುಕು ಬಿಟ್ಟು ಅರ್ಧ ಪರದೆ ಗೆರೆಗೆರೆಯಾಗಿ ನಿಲ್ಲುತ್ತದೆ. ಪರದೆ ಬದಲಿಸುವ ಖರ್ಚು ಹೊಸದರ ಸಮೀಪಕ್ಕೇ ಹೋಗುತ್ತದೆ. ಮೆತ್ತನೆಯ ಪೌಚ್ ಸಾಲದು, ಮುಂಭಾಗವೂ ಗಟ್ಟಿಯಿರುವ ಕವರನ್ನು ರೀಡರಿನ ಜೊತೆಗೇ ತೆಗೆದುಕೊಳ್ಳಿ.