ಗುಡಿಯಲ್ಲಿ ಮೂಕ, ಅಂಗಡಿಯಲ್ಲಿ ವಾಚಾಳಿ: ಬ್ಯಾಂಕಾಕ್ ಚೈನಾಟೌನ್‌ನ ‘ಹಿಂದಿ ಗೈಡ್’ ಬಗ್ಗೆ ಎಚ್ಚರ

ಬ್ಯಾಂಕಾಕ್‌ಗೆ ಟಿಕೆಟ್ ಮಾಡಿಸಿದವರ ವಾಟ್ಸಾಪ್‌ಗೆ ಬರುವ ಸಂದೇಶ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಚೈನಾಟೌನ್ ವಾಕ್, ನಾಲ್ಕು ಗಂಟೆ, ಹಿಂದಿ ಮಾತಾಡುವ ಗೈಡ್, ಅರ್ಧ ದುಡ್ಡು ಮುಂಗಡ, ಅದೂ ಭಾರತದ ಯುಪಿಐ ನಂಬರಿಗೆ. ರೇಟು ನೋಡಿದರೆ ಬೇಡ ಅನ್ನಲು ಮನಸ್ಸಾಗುವುದಿಲ್ಲ. ಹಾಕಿಬಿಡುತ್ತೇವೆ.

ಥಾಯ್ಲೆಂಡ್‌ನಲ್ಲಿ ಗೈಡ್ ಕೆಲಸ ಥಾಯ್ ನಾಗರಿಕರಿಗಷ್ಟೇ ಮೀಸಲು. ಬೇರೆ ದೇಶದವರು ವರ್ಕ್ ಪರ್ಮಿಟ್ ಇಟ್ಟುಕೊಂಡಿದ್ದರೂ ಈ ಕೆಲಸ ಮಾಡುವಂತಿಲ್ಲ. 2008ರ ಪ್ರವಾಸೋದ್ಯಮ ಮತ್ತು ಗೈಡ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಗೈಡ್ ಆದರೆ ಒಂದು ವರ್ಷದವರೆಗೆ ಜೈಲು, 1,00,000 ಬಾತ್‌ವರೆಗೆ ದಂಡ, ಅಥವಾ ಎರಡೂ. ವಿದೇಶಿಯಾಗಿದ್ದರೆ ಗಡೀಪಾರು ಕೂಡ. ಹುಟ್ಟಿದ್ದು ಎಲ್ಲಿ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಭಾರತ, ನೇಪಾಳ, ಬರ್ಮಾ ಮೂಲದವರಾಗಿ ಥಾಯ್ ಪೌರತ್ವ, ಲೈಸೆನ್ಸ್ ಎರಡೂ ಇರುವ ಗೈಡ್‌ಗಳಿದ್ದಾರೆ, ಅವರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಕೊರಳಲ್ಲಿ ಲೈಸೆನ್ಸ್ ಕಾರ್ಡ್ ಇಲ್ಲದವರ ಬಗ್ಗೆ.

‘ಸಿಕ್ಕಿಬಿದ್ದರೆ ಅವನಿಗೆ ತೊಂದರೆ, ನಮಗೇನು?’ ಅನ್ನುವವರು ಬಹಳ. ಪೊಲೀಸರು ಹಿಡಿಯದಿದ್ದರೂ ತೊಂದರೆ ನಿಮಗೇ. ಹೇಗೆ ಅಂದರೆ, ಕಾರ್ಡ್ ಇಲ್ಲದವನು ದೊಡ್ಡ ಗುಡಿಯ ಆವರಣದಲ್ಲಿ ನಿಂತು ವಿವರಿಸುವಂತಿಲ್ಲ. ಟೂರಿಸ್ಟ್ ಪೊಲೀಸರು, ಕಾರ್ಡ್ ಇರುವ ಸ್ಥಳೀಯ ಗೈಡ್‌ಗಳು ಎಲ್ಲ ಓಡಾಡುವ ಜಾಗ ಅದು. ಹಾಗಾಗಿ ಮೊದಲೇ ಹೇಳಿಕೊಡುತ್ತಾನೆ: ‘ಯಾರಾದರೂ ಕೇಳಿದರೆ ಫ್ರೆಂಡ್ ಅನ್ನಿ.’ ಚಿನ್ನದ ಬುದ್ಧನಿರುವ ವಾಟ್ ಟ್ರೈಮಿತ್‌ನ (ವಾಟ್ ಅಂದರೆ ಗುಡಿ) ಮೆಟ್ಟಿಲ ಹತ್ತಿರ ಬಂದ ಕೂಡಲೇ ಇಪ್ಪತ್ತು ಹೆಜ್ಜೆ ಹಿಂದೆ ಉಳಿದು ಫೋನ್ ನೋಡುತ್ತ ನಿಲ್ಲುತ್ತಾನೆ. ‘ನೀವು ನೋಡಿಕೊಂಡು ಬನ್ನಿ, ಹದಿನೈದು ನಿಮಿಷ.’ ಅದೇ ಮನುಷ್ಯ ಅಂಗಡಿಯ ಗಾಜಿನ ಬಾಗಿಲು ದಾಟಿದ ಮೇಲೆ ಮುಕ್ಕಾಲು ಗಂಟೆ ಬಾಯಿ ಮುಚ್ಚುವುದಿಲ್ಲ. ಒಳಗೆ ಕಾರ್ಡ್ ಕೇಳುವವರಿಲ್ಲ, ಕಮಿಷನ್ ಸಿಗುವುದೂ ಅಲ್ಲೇ. ವಾಕ್ ಅಷ್ಟು ಅಗ್ಗ ಯಾಕೆ ಅನ್ನುವುದಕ್ಕೂ ಉತ್ತರ ಇದೇ.

ಹೀಗೆ ಕೈತಪ್ಪುವುದು ಸಣ್ಣದೇನಲ್ಲ. ಟ್ರೈಮಿತ್‌ನ ಬುದ್ಧ ಸುಮಾರು ಮೂರು ಮೀಟರ್ ಎತ್ತರ, ಐದೂವರೆ ಟನ್ ತೂಕ. ಎಷ್ಟೋ ವರ್ಷ ಗಾರೆ ಮೆತ್ತಿಕೊಂಡು ಸಾದಾ ಮೂರ್ತಿಯಂತೆ ಕುಳಿತಿದ್ದ. 1955ರಲ್ಲಿ ಜಾಗ ಬದಲಿಸುವಾಗ ಗಾರೆ ಒಡೆದು ಒಳಗಿನ ಚಿನ್ನ ಕಂಡಿತು. ಆ ಗುಡಿಯ ಹಳೆಯ ಹೆಸರಿನ ಅರ್ಥ ‘ಮೂವರು ಚೀನೀಯರು’, ಈಗಿನ ಟ್ರೈಮಿತ್ ನಮ್ಮ ‘ತ್ರಿಮಿತ್ರ’. 1871ರಲ್ಲಿ ಕಟ್ಟಿಸಿದ ವಾಟ್ ಮಂಗ್‌ಕೊನ್‌ನಲ್ಲಿ ಆಯಾ ವರ್ಷ ತಮ್ಮ ರಾಶಿಗೆ ಕಂಟಕ ಇದೆ ಎಂದು ನಂಬಿದವರು ಹೆಸರು ಬರೆಸಿ ಪೂಜೆ ಮಾಡಿಸುತ್ತಾರೆ, ಥೇಟ್ ನಮ್ಮ ಗ್ರಹಶಾಂತಿ. ಮಂಗ್‌ಕೊನ್ ಅಂದರೆ ಡ್ರ್ಯಾಗನ್, ಮೂಲ ಸಂಸ್ಕೃತದ ‘ಮಕರ’. ಮುಖ್ಯ ರಸ್ತೆ ಯಾವರಾತ್ ಕೂಡ ‘ಯುವರಾಜ’ನೇ. ನಾಲ್ಕು ಗಂಟೆಯ ವಾಕ್‌ಗೆ ದುಡ್ಡು ಕೊಟ್ಟಿದ್ದು ಇಂಥದ್ದನ್ನೆಲ್ಲ ಕೇಳಿಸಿಕೊಳ್ಳಲು.

ಅದರ ಬದಲು ಸಿಗುವುದು ಮೊದಲು ಒಡವೆ ಶೋರೂಮ್. ಯಾವರಾತ್‌ನ ಕೆಂಪು ಬಣ್ಣದ ಹಳೆಯ ಚಿನ್ನದಂಗಡಿಗಳಲ್ಲಿ ದಿನದ ರೇಟನ್ನು ಬೋರ್ಡಿನಲ್ಲಿ ಹಾಕಿರುತ್ತಾರೆ, ಮಾರುವ ದರ, ಕೊಳ್ಳುವ ದರ ಎರಡೂ. ಅಲ್ಲಿ ಗೈಡ್‌ಗೆ ಹೆಚ್ಚು ಗಿಟ್ಟುವುದಿಲ್ಲ. ಅವನು ಕರೆದೊಯ್ಯುವುದು ಬೋರ್ಡೇ ಇಲ್ಲದ, ನೀಲಿ ಕೆಂಪು ಹರಳು ಕೂರಿಸಿದ ಒಡವೆ ಮಾರುವ ಕಡೆಗೆ. ಹರಳಿಗೆ ದಿನದ ರೇಟು ಅನ್ನುವುದಿಲ್ಲ, ಹೇಳಿದ್ದೇ ಬೆಲೆ. ಇನ್ನು ಚಿನ್ನ ಕೊಳ್ಳುವವರು ಎಡವುವುದು ‘ಬಾತ್’ ಎಂಬ ಪದದಲ್ಲಿ. ಅದು ಅಲ್ಲಿ ದುಡ್ಡೂ ಹೌದು, ತೂಕವೂ ಹೌದು. ಒಂದು ಬಾತ್ ತೂಕದ ಒಡವೆ ಅಂದರೆ 15.16 ಗ್ರಾಂ, ಗಟ್ಟಿ ಆದರೆ 15.244 ಗ್ರಾಂ. ಅದರ ಕಾಲು ಭಾಗ ಒಂದು ಸಲುಂಗ್. ಶುದ್ಧತೆ 96.5%, ನಮ್ಮ 22 ಕ್ಯಾರೆಟ್‌ಗಿಂತ (91.6%) ಹೆಚ್ಚು, ಬಣ್ಣವೂ ಹೆಚ್ಚು ಹಳದಿ. ಬೋರ್ಡಿನ ದರದ ಮೇಲೆ ಕೂಲಿ ಪ್ರತ್ಯೇಕ, ಅದನ್ನು ಕೇಳದೆ ತಕ್ಕಡಿ ಹತ್ತಿಸಬೇಡಿ. ಮತ್ತೊಂದು ಮಾತು ಯಾವ ಗೈಡೂ ಹೇಳುವುದಿಲ್ಲ: ಭಾರತಕ್ಕೆ ಸುಂಕವಿಲ್ಲದೆ ಒಡವೆ ತರುವ ರಿಯಾಯಿತಿ ಇರುವುದು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿದ್ದು ಮರಳುವವರಿಗೆ. ಐದು ದಿನದ ಟೂರಿಗೆ ಹೋಗಿ ಸರ ಕೊಂಡು ತಂದರೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ರೆಡ್ ಚಾನೆಲ್‌ಗೆ, ಅಂದರೆ ಸುಂಕದ ಸಾಮಾನು ಘೋಷಿಸುವ ಸಾಲಿಗೆ, ಹೋಗಿ ಸುಂಕ ಕಟ್ಟಬೇಕು.

ಎರಡನೆಯದು ತಿನ್ನುವ ಹಕ್ಕಿಗೂಡಿನ ಅಂಗಡಿ. ಕೆಂಪು ಮಖಮಲ್ ಡಬ್ಬಿಯಲ್ಲಿ ಬಿಳಿ ದೋಣಿಯಂಥ ಚಿಪ್ಪುಗಳು. ‘ಆಯುರ್ವೇದದ ಥರ, ಶ್ವಾಸಕೋಶಕ್ಕೆ ಒಳ್ಳೆಯದು’ ಎನ್ನುತ್ತಾನೆ. ಅದು ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿಯ ಜೊಲ್ಲು ಒಣಗಿದ್ದು, ಸಸ್ಯಾಹಾರಿಗಳು ಮೊದಲು ಇದನ್ನು ತಿಳಿದುಕೊಳ್ಳಿ. ಹಕ್ಕಿಗೂಡಿನ ವ್ಯಾಪಾರದಲ್ಲಿ ಕಲಬೆರಕೆ ಹಳೆಯ ಕಾಯಿಲೆ. ಬೆರೆಸುವುದು ಅಗರ್, ಅಣಬೆ, ಜೊತೆಗೆ ಕರಾಯ ಗೋಂದು. ಆ ಗೋಂದು ಭಾರತದ ಕಾಡುಮರಗಳಿಂದಲೇ ಇಳಿಸುವಂಥದ್ದು. ನೀರಲ್ಲಿ ಉಬ್ಬಿದ ಮೇಲೆ ಬರಿಗಣ್ಣಿಗೆ ವ್ಯತ್ಯಾಸ ಹತ್ತುವುದಿಲ್ಲ.

ಊಟದಲ್ಲೂ ಮೋಸ ಹೋಗುತ್ತಾರೆ, ಆದರೆ ಇದರಲ್ಲಿ ಕಪಟಕ್ಕಿಂತ ಅಜ್ಞಾನ ಜಾಸ್ತಿ. ‘ವೆಜ್ ನೂಡಲ್ಸ್’ ಎಂದು ಕೊಡಿಸಿದ್ದರಲ್ಲಿ ಮೀನಿನ ಸಾಸ್ ಇರುತ್ತದೆ. ಕೇಳಬೇಕಾದ ಪದ ‘ಜೇ’. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತಾರೆ. ಚೀನೀ ಬೌದ್ಧರ ಈ ಕಟ್ಟುನಿಟ್ಟಿನ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲಿನ ಜೊತೆ ಈರುಳ್ಳಿ, ಬೆಳ್ಳುಳ್ಳಿಯೂ ವರ್ಜ್ಯ. ಉಡುಪಿ ಮಠದ ಊಟಕ್ಕೆ ಒಗ್ಗಿದವರಿಗೂ ನಡೆಯುತ್ತದೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಇಡೀ ಯಾವರಾತ್‌ನಲ್ಲಿ ಇದೇ ಅಡುಗೆ ಹೇರಳ, ಸಾಮಾನ್ಯವಾಗಿ ಅದು ನಮ್ಮ ನವರಾತ್ರಿಯ ಆಸುಪಾಸಿಗೇ ಬರುತ್ತದೆ.

ದುಡ್ಡು ಕೊಡುವ ಮೊದಲು ಗೈಡ್‌ನ ಕಾರ್ಡಿನ ಫೋಟೊ ತರಿಸಿಕೊಳ್ಳಿ. ಮುಖ, ಲೈಸೆನ್ಸ್ ನಂಬರ್, ಮುಗಿಯುವ ದಿನಾಂಕ ಮೂರೂ ಸ್ಪಷ್ಟ ಕಾಣಬೇಕು. ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣ. ಥಾಯ್‌ನಲ್ಲಿ ಗೈಡ್‌ಗೆ ‘ಮಕ್ಕುತೇತ್’ ಎನ್ನುತ್ತಾರೆ, ಪಾಲಿಯ ‘ಮಗ್ಗ’ ಅಂದರೆ ಮಾರ್ಗ, ‘ಉದ್ದೇಶಕ’ ಅಂದರೆ ತೋರಿಸುವವನು. ಕೆಲಸದ ವೇಳೆ ಕಾರ್ಡ್ ಕೊರಳಲ್ಲಿ ಇರಲೇಬೇಕು, ‘ಹೋಟೆಲ್‌ನಲ್ಲಿ ಮರೆತೆ’ ಅಂದರೆ ಅಲ್ಲಿಗೇ ನಿಲ್ಲಿಸಿ. ಕಂಪನಿಗೂ ಪ್ರತ್ಯೇಕ ಲೈಸೆನ್ಸ್ ನಂಬರ್ ಇರುತ್ತದೆ, ಅದನ್ನೂ ಕೇಳಿ. ‘ನಮ್ಮ ಥಾಯ್ ಗೈಡ್ ಬಸ್ಸಿನಲ್ಲಿ ಕೂತಿದ್ದಾರೆ’ ಎಂದರೆ ನಂಬಬೇಡಿ. ಕಾನೂನಿನ ಕಣ್ಣಿಗೆ ಮಣ್ಣೆರಚಲು ಒಬ್ಬರನ್ನು ಕೂರಿಸಿ, ವಿವರಣೆಯನ್ನು ಇನ್ನೊಬ್ಬನಿಂದ ಮಾಡಿಸುವುದು ಹಳೆಯ ಚಾಳಿ. ಬೆಂಗಳೂರಿನಿಂದಲೇ ಜೊತೆಗೆ ಬರುವ ಟೂರ್ ಮ್ಯಾನೇಜರ್ ಊಟ, ರೂಮು ನೋಡಿಕೊಳ್ಳಬಹುದು, ಗುಡಿಯಲ್ಲಿ ವಿವರಿಸಬೇಕಾದ್ದು ಲೈಸೆನ್ಸ್ ಇರುವ ಗೈಡೇ.

ವೇಳಾಪಟ್ಟಿಯೂ ಗುಟ್ಟು ಬಿಟ್ಟುಕೊಡುತ್ತದೆ. ಸಂಜೆ ಆರಕ್ಕೆ ಟ್ರೈಮಿತ್ ಎಂದು ಬರೆದಿದ್ದರೆ ಬರೆದವನಿಗೆ ಊರು ಗೊತ್ತಿಲ್ಲ, ಐದಕ್ಕೇ ಮುಚ್ಚುತ್ತದೆ. ಆ ಗುಡಿಯ ಕಟ್ಟಡದಲ್ಲಿರುವ ಮ್ಯೂಸಿಯಂಗೆ ಸೋಮವಾರ ರಜೆ. ಬೀದಿಬದಿಯ ಹಲವು ಗಾಡಿಗಳೂ ಸೋಮವಾರ ಇರುವುದಿಲ್ಲ. ಸಾಂಪೆಂಗ್ ಗಲ್ಲಿಯ ಸಗಟು ಅಂಗಡಿಗಳು ಸಂಜೆಗೆ ಬಾಗಿಲೆಳೆಯುವ ಹೊತ್ತಿಗೆ ಯಾವರಾತ್‌ನ ತಿಂಡಿ ಗಾಡಿಗಳು ಒಲೆ ಹಚ್ಚುತ್ತವೆ.

ನಡುದಾರಿಯಲ್ಲಿ ಗೈಡ್‌ನನ್ನು ಪೊಲೀಸರು ಕರೆದೊಯ್ದರೆ ಅವನ ಪರವಾಗಿ ‘ಫ್ರೆಂಡ್’ ಕತೆ ಹೇಳಲು ಹೋಗಬೇಡಿ. ಚಾಟ್, ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ತೋರಿಸಿ, ಇದ್ದದ್ದು ಇದ್ದಂತೆ ಹೇಳಿ. ಟೂರಿಸ್ಟ್ ಪೊಲೀಸ್ ನಂಬರ್ 1155. ಯುಪಿಐಗೆ ಹೋದ ಮುಂಗಡವನ್ನು ಅಲ್ಲಿಂದ ವಾಪಸ್ ತರಿಸುವುದು ಕಷ್ಟ, ಅದಕ್ಕಾಗಿಯೇ ಅವರು ಆ ದಾರಿ ಹಿಡಿಯುವುದು.

ಅಲ್ಲಿಂದ ಮುಂದೆ ಗೈಡ್ ಇಲ್ಲದೆಯೂ ನಡೆಯಬಹುದು. ಎಂಆರ್‌ಟಿ ಎಂಬ ಮೆಟ್ರೊದ ನೀಲಿ ಲೈನಿನಲ್ಲಿ 2019ರಲ್ಲಿ ತೆರೆದ ವಾಟ್ ಮಂಗ್‌ಕೊನ್ ಸ್ಟೇಷನ್ ಇದೆ. ಅಲ್ಲಿಳಿದು ಗುಡಿ ನೋಡಿ, ಚರೋಯೆನ್ ಕ್ರುಂಗ್ ರಸ್ತೆ ದಾಟಿ ಇಸರಾನುಪಾಪ್ ಗಲ್ಲಿ ಹಿಡಿಯಿರಿ. ಒಣಮೀನು, ಅಣಬೆಗಳ ವಾಸನೆಯ ನಡುವೆ ಯಾವರಾತ್ ಸಿಗುತ್ತದೆ, ಅದನ್ನೂ ದಾಟಿದರೆ ಸಾಂಪೆಂಗ್. ಗಲ್ಲಿಯಲ್ಲಿ ಹಿಂದಿನಿಂದ ಕೈಗಾಡಿ, ಬೈಕು ನುಗ್ಗುತ್ತವೆ, ಮಕ್ಕಳನ್ನು ಗೋಡೆಯ ಕಡೆ ನಡೆಸಿ. ಪಶ್ಚಿಮಕ್ಕೆ ನಡೆಯುತ್ತ ಕಾಲುವೆ ದಾಟಿದರೆ ಭಾರತೀಯರ ಪೇಟೆಯಾದ ಪಾಹುರಾತ್, ಅಲ್ಲಿನ ಗುರುದ್ವಾರದ ಆಸುಪಾಸಿನಲ್ಲಿ ಚಪಾತಿ, ದಾಲ್ ಸಿಗುತ್ತದೆ. ಟ್ರೈಮಿತ್ ಇರುವುದು ಇದಕ್ಕೆ ವಿರುದ್ಧ, ಪೂರ್ವದ ತುದಿಯಲ್ಲಿ, ಹುವಾ ಲಂಪೋಂಗ್ ಸ್ಟೇಷನ್ ಹತ್ತಿರ. ಅದನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿ. ಗೇಟಿನ ಬಳಿ ಯಾರಾದರೂ ಬಂದು ‘ಇವತ್ತು ಗುಡಿ ಮುಚ್ಚಿದೆ, 20 ಬಾತ್‌ಗೆ ಟುಕ್‌ಟುಕ್‌ನಲ್ಲಿ ಬೇರೆ ಕಡೆ ತೋರಿಸುತ್ತೇನೆ’ ಅಂದರೆ ಅವರನ್ನು ದಾಟಿ ಟಿಕೆಟ್ ಕೌಂಟರ್‌ವರೆಗೆ ನಡೆದು ಹೋಗಿ ಕೇಳಿ.