ಕೈಪಿಡಿ ಬರೆಯಲು ಯಾವುದು ಸಲೀಸು? ಮೂರನ್ನೂ ಬಳಸಿ ನೋಡಿದೆ

ಪಂಪ್‌ಸೆಟ್ ಕಂಟ್ರೋಲರ್ ಅಳವಡಿಸುವವರಿಗೆ ಕೈಪಿಡಿ ಬರೆಯುವುದು ನನ್ನ ಕೆಲಸ. ಮೊದಲು ಅದು ವರ್ಡ್ ಪ್ರೊಸೆಸರ್ ಫೈಲಿನಲ್ಲಿತ್ತು. ಮೂವರು ತಿದ್ದುತ್ತಿದ್ದೆವು, ಮೂರು ಪ್ರತಿಗಳಾಗುತ್ತಿದ್ದವು. ಫ್ಯೂಸಿನ ಅಳತೆ ಯಾವುದರಲ್ಲಿ ಸರಿಯಿದೆ ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಸಾಕಾಗಿ, ಎಲ್ಲವನ್ನೂ ಸಾದಾ ಟೆಕ್ಸ್ಟ್‌ಗೆ ತಂದು ಗಿಟ್‌ನಲ್ಲಿ (ಯಾರು ಏನು ತಿದ್ದಿದರು ಅಂತ ದಾಖಲಿಸುವ ಸಲಕರಣೆ) ಇಡಲು ಹೊರಟೆವು. ವೈರಿಂಗ್ ಅಧ್ಯಾಯವೊಂದನ್ನೇ ಮೂರು ಬಗೆಯಲ್ಲಿ ಬರೆದು ನೋಡಿದೆ.

ಮೊದಲಿಗೆ ಮಾರ್ಕ್‌ಡೌನ್, ಅಂದರೆ ಸಾದಾ ಟೆಕ್ಸ್ಟ್‌ನಲ್ಲೇ ಸರಳ ಗುರುತು ಹಾಕಿ ತಲೆಬರಹ, ಪಟ್ಟಿ ಬರೆಯುವ ಬಗೆ; ಜೊತೆಗೆ ಅದನ್ನು ವೆಬ್ ಪುಟವಾಗಿಸುವ ಎಂಕೆಡಾಕ್ಸ್. ಕಲಿಯಲು ಅರ್ಧ ಗಂಟೆ ಸಾಕು. ಸೇವ್ ಮಾಡಿದ ಕೂಡಲೇ ಬ್ರೌಸರಿನಲ್ಲಿ ಪುಟ ಬದಲಾಗುತ್ತದೆ, ಆ ಖುಷಿಯೇ ಬೇರೆ. ಆದರೆ ನಾಲ್ಕನೇ ಹಂತದ ಕೆಳಗೆ ಒಂದು ಚಿತ್ರ ಹಾಕಿದೆ ನೋಡಿ, ಐದನೇ ಹಂತ ಮತ್ತೆ ‘1’ ಆಯಿತು! ಚಿತ್ರದ ಸಾಲಿನ ಮೊದಲಿಗೆ ನಾನು ಬಿಟ್ಟಿದ್ದು ಮೂರು ಸ್ಪೇಸ್. ಗಿಟ್ ಫೈಲುಗಳನ್ನು ಇಡುವ ಗಿಟ್‌ಹಬ್ ತಾಣದಲ್ಲಿ ಅಷ್ಟು ಸಾಕು, ಎಂಕೆಡಾಕ್ಸ್‌ಗೆ ನಾಲ್ಕು ಬೇಕು. ಮೇನ್ ಸ್ವಿಚ್ ಆಫ್ ಮಾಡುವ ಹಂತದ ನಂಬರೇ ತಪ್ಪಿದರೆ ಕೈಪಿಡಿ ಓದುವವರ ಗತಿ ಏನು, ಅಲ್ವಾ?

ಆಮೇಲೆ ಸ್ಫಿಂಕ್ಸ್, ಇದೂ ಟೆಕ್ಸ್ಟ್ ಫೈಲುಗಳಿಂದ ಕೈಪಿಡಿ ತಯಾರಿಸುವ ಸಲಕರಣೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅಧಿಕೃತ ಕೈಪಿಡಿಗಳು ಇದರಲ್ಲೇ ತಯಾರಾಗುತ್ತವೆ. ಲೇಬಲ್ ಕೊಟ್ಟ ಭಾಗವನ್ನು ಬೇರೆ ಫೈಲಿಗೆ ಎತ್ತಿಟ್ಟರೂ ಲಿಂಕ್ ಮುರಿಯುವುದಿಲ್ಲ. ಆದರೆ ತಲೆಬರಹದ ಗುರುತಾಗಿ ಅದರ ಕೆಳಗೆ ಹಾಕುವ ಗೆರೆ ಸ್ವಲ್ಪ ಗಿಡ್ಡವಾದರೂ ಎಚ್ಚರಿಕೆ ಬರುತ್ತದೆ. ದಿನವೂ ಕೋಡ್ ಬರೆಯುವವರಿಗೆ ಸರಿ, ನಮ್ಮ ಫೀಲ್ಡ್ ಇಂಜಿನಿಯರ್‌ಗಳು ಎರಡೇ ದಿನಕ್ಕೆ ಕೈಬಿಟ್ಟರು.

ನಾನು ಉಳಿಸಿಕೊಂಡಿದ್ದು ಆಸ್ಕಿಡಾಕ್, ಇದೂ ಮಾರ್ಕ್‌ಡೌನ್‌ನಂತೆ ಗುರುತು ಹಾಕಿ ಬರೆಯುವ ಬಗೆ. 2002ರಿಂದ ಇದೆ, ಆದರೂ ಇದನ್ನು ಬಳಸುವವರು ನನಗೆ ಜಾಸ್ತಿ ಸಿಕ್ಕಿಲ್ಲ. ಹಂತ ಮತ್ತು ಚಿತ್ರದ ನಡುವಿನ ಸಾಲಿನಲ್ಲಿ ಒಂದು ‘+’ ಹಾಕಿದರೆ ಮುಗಿಯಿತು, ಸ್ಪೇಸ್ ಎಣಿಸುವ ತಲೆನೋವಿಲ್ಲ. ಟೇಬಲಿನ ಮನೆಯೊಳಗೆ ಪಟ್ಟಿ ಬರೆಯಬಹುದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್‌ಕ್ಲೂಡ್. ‘ಅರ್ಥಿಂಗ್ ಇಲ್ಲದೆ ಚಾಲೂ ಮಾಡಬೇಡಿ’ ಎಂಬ ಎಚ್ಚರಿಕೆ ಒಂದೇ ಫೈಲಿನಲ್ಲಿದೆ, ಏಳು ಅಧ್ಯಾಯಗಳು ಅದನ್ನೇ ಎಳೆದುಕೊಳ್ಳುತ್ತವೆ. ಒಂದು ಕಡೆ ತಿದ್ದಿದರೆ ಏಳೂ ಕಡೆ ಬದಲಾಗುತ್ತದೆ. ಗಿಟ್‌ಹಬ್‌ನಲ್ಲಿ ಫೈಲ್ ತೆರೆದರೆ ಮಾತ್ರ ಆ ಭಾಗ ಸೇರಿಕೊಂಡು ಕಾಣುವುದಿಲ್ಲ, ಬಿಲ್ಡ್ ಮಾಡಿಯೇ (ಅಂದರೆ ಸಿದ್ಧ ಪುಟವಾಗಿ ಬದಲಾಯಿಸಿಯೇ) ನೋಡಬೇಕು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಆಸ್ಕಿಡಾಕ್ ಫೈಲನ್ನು ಬಿಲ್ಡ್ ಮಾಡುವ ಆಸ್ಕಿಡಾಕ್ಟರ್‌ನ ಪಿಡಿಎಫ್ ಸಲಕರಣೆ ನಮ್ಮ ಒತ್ತಕ್ಷರಗಳನ್ನು ಜೋಡಿಸುವುದಿಲ್ಲ. ‘ಸ್ವಿಚ್’ ಎಂಬ ಪದದಲ್ಲಿ ‘ಸ’ ಒಂದು ಕಡೆ, ‘ವ’ ಇನ್ನೊಂದು ಕಡೆ ಬಿದ್ದಿರುತ್ತದೆ. ಹಾಗಾಗಿ ಎಚ್‌ಟಿಎಂಎಲ್ (ವೆಬ್ ಪುಟ) ಮಾಡಿಕೊಂಡು, ಬ್ರೌಸರಿನಿಂದಲೇ ಪಿಡಿಎಫ್ ಪ್ರಿಂಟ್ ತೆಗೆಯುತ್ತೇನೆ. ಒತ್ತುಗಳು ತಮ್ಮ ಜಾಗದಲ್ಲೇ ಕೂರುತ್ತವೆ.